ಒಫೀಲಿಯಾ ಮುಳುಗುವಾಗ ದಡದಲ್ಲಿದ್ದವರು ಯಾರು?

ಜರ್ಮನಿಯ ವೀಸ್‌ಬಾಡೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಫ್ರೀಡ್ರಿಷ್ ಹೈಸರ್ ಎಂಬ ಕಲಾವಿದ 1900ರ ಸುಮಾರಿಗೆ ರಚಿಸಿದ ಚಿತ್ರವೊಂದಿದೆ. ಬಿಳಿಯ ಉಡುಪಿನ ಯುವತಿಯೊಬ್ಬಳು ನಿದ್ರೆ ಹೋದವಳಂತೆ ನೀರಿನಲ್ಲಿ ತೇಲುತ್ತಿದ್ದಾಳೆ. 2025ರ ಅಕ್ಟೋಬರ್‌ನಲ್ಲಿ ಈ ಚಿತ್ರದ ಮುಂದೆ ಏಕಾಏಕಿ ಜನ ನೆರೆಯತೊಡಗಿದರು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅದೇ ತಿಂಗಳು ಹೊರತಂದ ‘ದಿ ಫೇಟ್ ಆಫ್ ಒಫೀಲಿಯಾ’ ಹಾಡಿನ ವಿಡಿಯೋ ಈ ಚಿತ್ರವನ್ನೇ ಹೋಲುವ ಭಂಗಿಯಿಂದ ಆರಂಭವಾಗುತ್ತಿದ್ದುದು ಇದಕ್ಕೆ ಕಾರಣ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಎಂದೂ ಓದದಿದ್ದ ತರುಣ ತರುಣಿಯರು ಕೂಡ ಒಫೀಲಿಯಾಳ ಹೆಸರನ್ನು ಗುನುಗತೊಡಗಿದರು.

ಹಾಡಿನ ತಿರುಳು ಸರಳವಾದುದು. ಪ್ರಿಯಕರ ಬಂದು ಕೈಹಿಡಿದುದರಿಂದ ಒಫೀಲಿಯಾಳಿಗೆ ಒದಗಿದ ಗತಿ ತನಗೆ ತಪ್ಪಿತು ಎಂಬ ಸಂತಸ ಅಲ್ಲಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟೊರಾಂಟೋ ಚಿತ್ರೋತ್ಸವದ ಪ್ರೇಕ್ಷಕರ ಪ್ರಶಸ್ತಿ ಪಡೆದ ‘ಹ್ಯಾಮ್ನೆಟ್’ ಚಲನಚಿತ್ರದ ಕೇಂದ್ರದಲ್ಲಿಯೂ ಷೇಕ್ಸ್‌ಪಿಯರ್ ಇಲ್ಲ. ಆತನ ಮಡದಿ ಇದ್ದಾಳೆ. ಮಾರ್ಗರೇಟ್ ಆಟ್‌ವುಡ್ 2005ರಲ್ಲಿ ಪೆನೆಲೊಪಿಯ ಬಾಯಲ್ಲಿ ಒಡಿಸ್ಸಿಯಸ್‌ನ ಕಥೆ ಹೇಳಿಸಿದರು. ನಟಾಲಿ ಹೇನ್ಸ್ 2017ರಲ್ಲಿ ಈಡಿಪಸ್‌ನ ದುರಂತವನ್ನು ಯೊಕಾಸ್ಟಾ ಮತ್ತು ಇಸ್ಮೆನೆಯರ ಕಣ್ಣಿನಿಂದ ಕಂಡರು. ಮೂಲೆಯಲ್ಲಿ ನಿಂತಿದ್ದ ಹೆಣ್ಣನ್ನು ರಂಗದ ನಡುವಿಗೆ ಕರೆತರುವುದು ಇಂದು ಪ್ರಕಾಶಕರಿಗೂ ನಿರ್ಮಾಪಕರಿಗೂ ಲಾಭದ ವ್ಯವಹಾರವಾಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಡುವಿಗೆ ಬಂದವಳಿಗೆ ಮಾತು ದೊರೆಯಿತೇ, ಅಥವಾ ರಕ್ಷಣೆಯಷ್ಟೇ ದೊರೆಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಇವೆರಡೂ ಒಂದೇ ಅಲ್ಲ.

ಸಾಕ್ಷಿ ಇದ್ದ ಸಾವು

‘ಹ್ಯಾಮ್ಲೆಟ್’ ನಾಟಕದ ಇಪ್ಪತ್ತು ದೃಶ್ಯಗಳಲ್ಲಿ ಒಫೀಲಿಯಾ ಕಾಣಿಸಿಕೊಳ್ಳುವುದು ಐದರಲ್ಲಿ ಮಾತ್ರ. ಆ ಐದರಲ್ಲಿಯೂ ಆಕೆಗೆ ಮಾತಿಗಿಂತ ಆಜ್ಞೆಯೇ ಹೆಚ್ಚು. ರಾಜಕುಮಾರನ ಪ್ರೀತಿಯನ್ನು ನಂಬಬೇಡ ಎಂದು ಅಣ್ಣ ಲೇರ್ಟಿಸ್ ಬುದ್ಧಿ ಹೇಳುತ್ತಾನೆ. ಆತನೊಡನೆ ಮಾತು ಬಿಡು ಎಂದು ತಂದೆ ಪೊಲೋನಿಯಸ್ ಅಪ್ಪಣೆ ಮಾಡುತ್ತಾನೆ. ಬಳಿಕ ಅದೇ ತಂದೆ ಮಗಳಿಗೆ ಬಂದ ಪ್ರೇಮಪತ್ರವನ್ನು ರಾಜ ರಾಣಿಯರ ಮುಂದೆ ಗಟ್ಟಿಯಾಗಿ ಓದುತ್ತಾನೆ. ಅಷ್ಟಕ್ಕೇ ಬಿಡದೆ, ರಾಜಕುಮಾರನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವಳನ್ನೇ ಬಲೆಯ ಎರೆಯಾಗಿಸಿ, ತಾನು ರಾಜನೊಡನೆ ಮರೆಯಲ್ಲಿ ನಿಂತು ಆಲಿಸುತ್ತಾನೆ. ಹ್ಯಾಮ್ಲೆಟ್ ಅವಳನ್ನು ಹೀನಾಯವಾಗಿ ಬೈದು ಹೋದ ಮೇಲೆ ಹೊರಬಂದ ತಂದೆ ಮಗಳಿಗೆ ಹೇಳುವುದು, ಏನನ್ನೂ ವಿವರಿಸಬೇಕಾಗಿಲ್ಲ, ನಾವೆಲ್ಲ ಕೇಳಿಸಿಕೊಂಡೆವು ಎಂದು. ಅವಳ ಕಣ್ಣೀರಿನ ಬಗ್ಗೆ ಒಂದು ಮಾತೂ ಇಲ್ಲ.

ಅನಂತರ ಪೊಲೋನಿಯಸ್ ಹ್ಯಾಮ್ಲೆಟ್‌ನ ಕತ್ತಿಗೆ ಬಲಿಯಾಗುತ್ತಾನೆ. ಇಲ್ಲಿಂದ ಮುಂದಿನದನ್ನು ಪ್ರೇಮಕಥೆಯೆಂದು ಓದುವ ಅಭ್ಯಾಸ ಎಷ್ಟು ಬಲವಾಗಿದೆಯೆಂದರೆ ಅದರ ರಾಜಕೀಯ ಹಲವರ ಕಣ್ಣಿಗೇ ಬೀಳುವುದಿಲ್ಲ. ಕೊಲೆಯಾದವನು ರಾಜ್ಯದ ಹಿರಿಯ ಸಲಹೆಗಾರ. ಕೊಂದವನು ರಾಜನ ಮಲಮಗ. ವಿಚಾರಣೆ ನಡೆಯುವುದಿಲ್ಲ. ಕೊಂದವನನ್ನು ಅವಸರವಸರವಾಗಿ ಇಂಗ್ಲೆಂಡಿಗೆ ಸಾಗಹಾಕಲಾಗುತ್ತದೆ. ಶವವನ್ನು ಗುಟ್ಟಾಗಿ, ಮರ್ಯಾದೆಯಿಲ್ಲದೆ ಹೂಳಲಾಗುತ್ತದೆ. ಹಾಗೆ ಮಾಡಿದ್ದು ಅವಿವೇಕವಾಯಿತೆಂದು ರಾಜ ಕ್ಲಾಡಿಯಸ್ ತಾನೇ ಒಪ್ಪಿಕೊಳ್ಳುತ್ತಾನೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅರಮನೆ ಪ್ರಕರಣವೊಂದನ್ನು ಮುಚ್ಚಿಹಾಕಿದೆ.

ಈ ಮುಚ್ಚಿಹಾಕಿದ ಪ್ರಕರಣದ ಬಗ್ಗೆ ಆಸ್ಥಾನದೊಳಗೆ ಬಂದು ಮೊದಲು ದನಿ ಎತ್ತುವವಳು ಒಫೀಲಿಯಾ. ಅವಳು ಹರಕುಮುರುಕು ಹಾಡು ಹಾಡುತ್ತಾಳೆ. ಆ ಹಾಡುಗಳಲ್ಲಿ ಸರಿಯಾಗಿ ಶೋಕಾಚರಣೆ ಇಲ್ಲದೆ ಮಣ್ಣಿಗೆ ಹೋದ ಹೆಣವಿದೆ, ಮಾತು ಕೊಟ್ಟು ತಪ್ಪಿದ ಗಂಡಸಿದ್ದಾನೆ. ಈ ವಿಷಯ ಅಣ್ಣನಿಗೆ ತಿಳಿದೇ ತಿಳಿಯುತ್ತದೆ ಎಂದೂ ಅವಳು ಹೇಳುತ್ತಾಳೆ. ಅದು ಹುಚ್ಚಿಯ ಪ್ರಲಾಪವೋ ಎಚ್ಚರಿಕೆಯೋ? ಆಸ್ಥಾನಕ್ಕಂತೂ ಅನುಮಾನ ಇದ್ದಂತಿಲ್ಲ. ಅವಳ ಮಾತಿಗೆ ಅರ್ಥವಿಲ್ಲ, ಆದರೂ ಕೇಳಿದವರು ಅರ್ಥ ಕಟ್ಟಿಕೊಳ್ಳುತ್ತಿದ್ದಾರೆ ಎಂದು ಅಲ್ಲಿಯವರೇ ಆತಂಕಪಡುತ್ತಾರೆ. ಅವಳ ಹಿಂದೆಯೇ ಹೋಗಿ, ಚೆನ್ನಾಗಿ ಕಾವಲು ಕಾಯಿರಿ ಎಂದು ರಾಜ ಆಜ್ಞಾಪಿಸುತ್ತಾನೆ.

ಇದರ ಬೆನ್ನಿಗೇ ಅಣ್ಣ ಲೇರ್ಟಿಸ್ ಕತ್ತಿ ಹಿಡಿದು, ಗುಂಪು ಕಟ್ಟಿಕೊಂಡು, ಬಾಗಿಲು ಮುರಿದು ಒಳನುಗ್ಗುತ್ತಾನೆ. ಕೇಳುವುದು ತಂಗಿ ಕೇಳಿದ್ದನ್ನೇ: ತಂದೆ ಹೇಗೆ ಸತ್ತ? ಅವನಿಗೆ ಉತ್ತರ ದೊರೆಯುತ್ತದೆ. ರಾಜ ಅವನನ್ನು ಕೂರಿಸಿ ಸಮಾಧಾನ ಹೇಳುತ್ತಾನೆ, ತನ್ನ ಸಂಚಿನಲ್ಲಿ ಪಾಲುದಾರನನ್ನಾಗಿಯೂ ಮಾಡಿಕೊಳ್ಳುತ್ತಾನೆ. ಒಂದೇ ಮನೆಯ ಇಬ್ಬರು ಮಕ್ಕಳು, ಒಂದೇ ಪ್ರಶ್ನೆ. ಕತ್ತಿ ಹಿಡಿದವನದು ಅಹವಾಲು, ಹೂವು ಹಿಡಿದವಳದು ಹುಚ್ಚು. ಅವಳು ಹಂಚುವ ಹೂಗಿಡಗಳಾದರೂ ಮುಗ್ಧವಾದವಲ್ಲ. ನೆನಪಿಗೆ ರೋಸ್‌ಮೇರಿ, ಪಶ್ಚಾತ್ತಾಪಕ್ಕೆ ರೂ ಎಂಬ ಕಹಿಗಿಡ, ಮುಖಸ್ತುತಿಗೆ ಸೋಂಪು ಎಂಬ ಸಂಕೇತಗಳು ಅಂದಿನ ಪ್ರೇಕ್ಷಕರಿಗೆ ಪರಿಚಿತವಾಗಿದ್ದವು. ತಂದೆ ಸತ್ತಾಗ ನೇರಳೆ ಹೂಗಳೆಲ್ಲ ಬಾಡಿಹೋದವು ಎಂದು ಅವಳು ಹೇಳುವುದು ರಾಜ ರಾಣಿಯರ ಎದುರಿನಲ್ಲೇ.

ಅವಳ ಸಾವು ರಂಗದ ಮೇಲೆ ನಡೆಯುವುದಿಲ್ಲ. ರಾಣಿ ಗರ್ಟ್ರೂಡ್ ಬಂದು ವರದಿ ಒಪ್ಪಿಸುತ್ತಾಳೆ. ಹೊಳೆಯ ದಡದ ಮರದ ಕೊಂಬೆ ಮುರಿಯಿತು, ಅವಳು ಬಿದ್ದಳು, ಉಡುಪು ಹರಡಿಕೊಂಡು ಸ್ವಲ್ಪ ಹೊತ್ತು ಅವಳನ್ನು ತೇಲಿಸಿತು, ತನಗೊದಗಿದ ಅಪಾಯದ ಅರಿವೇ ಇಲ್ಲದವಳಂತೆ ಅವಳು ಹಾಡುತ್ತಿದ್ದಳು, ಕೊನೆಗೆ ನೆನೆದ ಬಟ್ಟೆಯ ಭಾರ ಕೆಳಗೆ ಎಳೆಯಿತು. ನಾಲ್ಕು ಶತಮಾನಗಳಿಂದ ಈ ವರ್ಣನೆಯ ಸೊಗಸನ್ನು ಕೊಂಡಾಡಲಾಗಿದೆ. ಅದನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟ ಹೇಳಿಕೆಯೆಂದು ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ಯಾವ ಹೂವಿನ ಮಾಲೆ, ಯಾವ ಮರ, ಬಟ್ಟೆ ಹೇಗೆ ಹರಡಿತು, ಯಾವ ಬಗೆಯ ಹಾಡು ಎಂಬುದನ್ನೆಲ್ಲ ಹೇಳಬೇಕಾದರೆ ಯಾರೋ ದಡದಲ್ಲಿ ನಿಂತು ನೋಡಿರಲೇಬೇಕು. ಅವಳ ಮೇಲೆ ಅರಮನೆಯ ಕಾವಲಿತ್ತು. ಸ್ವಲ್ಪ ಹೊತ್ತು ಅವಳು ತೇಲುತ್ತಲೂ ಇದ್ದಳು. ಹಾಗಾದರೆ ಕೈ ಚಾಚಿದವರು ಯಾರೂ ಇಲ್ಲವೇಕೆ?

ನಾಟಕದೊಳಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಲೇರ್ಟಿಸ್ ಕೂಡ ಎಲ್ಲಿ ಮುಳುಗಿದಳು ಎಂದಷ್ಟೇ ಕೇಳುತ್ತಾನೆ.

ಪಂಚನಾಮೆಯ ಇತಿಹಾಸ

ಇಂಥ ಸಾವುಗಳ ವಿಚಾರಣೆ ಹೇಗೆ ನಡೆಯುತ್ತದೆಂಬುದು ಷೇಕ್ಸ್‌ಪಿಯರನಿಗೆ ಚೆನ್ನಾಗಿ ಗೊತ್ತಿತ್ತು. ಆತನ ಊರು ಸ್ಟ್ರಾಟ್‌ಫರ್ಡ್‌ನ ಸಮೀಪದ ಟಿಡಿಂಗ್ಟನ್‌ನಲ್ಲಿ 1579ರ ಡಿಸೆಂಬರ್‌ನಲ್ಲಿ ಯುವತಿಯೊಬ್ಬಳು ಏವನ್ ನದಿಯಲ್ಲಿ ಮುಳುಗಿ ಸತ್ತಳು. ಹೆಸರು ಕ್ಯಾಥರೀನ್ ಹ್ಯಾಮ್ಲೆಟ್. ಆತ್ಮಹತ್ಯೆಯೋ ಅಪಘಾತವೋ ಎಂಬುದನ್ನು ನಿರ್ಧರಿಸಲು 1580ರ ಫೆಬ್ರವರಿಯವರೆಗೆ ಹಿಡಿಯಿತು. ನೀರು ತುಂಬಲು ಹೋಗಿ ಕಾಲು ಜಾರಿ ಬಿದ್ದಳು ಎಂದು ಪಂಚರು ತೀರ್ಪಿತ್ತರು. ಆಗ ಷೇಕ್ಸ್‌ಪಿಯರನಿಗೆ ಹದಿನೈದು ವರ್ಷ. ಒಫೀಲಿಯಾಳನ್ನು ಬರೆಯುವಾಗ ಈ ಪ್ರಕರಣ ಆತನ ನೆನಪಿನಲ್ಲಿತ್ತೇ ಎಂಬುದು ಊಹೆಯ ಮಾತು. ಆದರೆ ಆ ತೀರ್ಪಿಗಾಗಿ ಒಂದು ಕುಟುಂಬ ಎಂಟು ವಾರ ಏಕೆ ಉಸಿರು ಬಿಗಿಹಿಡಿದಿರಬೇಕಾಯಿತು ಎಂಬುದು ಊಹೆಯಲ್ಲ. ಆತ್ಮಹತ್ಯೆ ಎಂದಾದರೆ ಕ್ರೈಸ್ತ ವಿಧಿಯ ಸಂಸ್ಕಾರವಿಲ್ಲ. ಆಸ್ತಿಯೂ ರಾಜನ ಪಾಲು.

ನಾಟಕದ ಗೋರಿ ತೋಡುವವರ ಪ್ರಸಿದ್ಧ ಹಾಸ್ಯ ದೃಶ್ಯದ ಹಿಂದೆಯೂ ಒಂದು ನಿಜವಾದ ಮೊಕದ್ದಮೆ ಇದೆ. ಸರ್ ಜೇಮ್ಸ್ ಹೇಲ್ಸ್ ಎಂಬ ನ್ಯಾಯಾಧೀಶ 1554ರಲ್ಲಿ ನೀರಿಗೆ ಬಿದ್ದು ಸತ್ತ. ಅದು ಆತ್ಮಹತ್ಯೆಯೆಂದು ತೀರ್ಮಾನವಾದುದರಿಂದ ಭೂಮಿ ಕೈತಪ್ಪಿತು. ಆತನ ವಿಧವೆ ನ್ಯಾಯಾಲಯದ ಮೆಟ್ಟಿಲೇರಿದಳು. ಒಂದು ಕೃತ್ಯಕ್ಕೆ ಎಷ್ಟು ಅಂಗಗಳು, ಮನುಷ್ಯ ನೀರಿನ ಬಳಿಗೆ ಹೋದನೋ ನೀರು ಅವನ ಬಳಿಗೆ ಬಂತೋ ಎಂಬಂಥ ತರ್ಕವೆಲ್ಲ ನಡೆದು ಆಕೆ ಸೋತಳು. ವಕೀಲರ ಆ ತರ್ಕವನ್ನೇ ಷೇಕ್ಸ್‌ಪಿಯರ್ ಗೋರಿ ತೋಡುವವರ ಬಾಯಲ್ಲಿ ಅಣಕವಾಗಿಸಿದ. ದೊಡ್ಡ ಮನೆತನದ ಹೆಣ್ಣಲ್ಲದಿದ್ದರೆ ಇವಳಿಗೆ ಈ ಸಂಸ್ಕಾರವೂ ಸಿಗುತ್ತಿರಲಿಲ್ಲ ಎಂದು ಅವರು ಆಡಿಕೊಳ್ಳುತ್ತಾರೆ. ಸಾವು ಸಂಶಯಾಸ್ಪದ, ಮೇಲಿನಿಂದ ಆಜ್ಞೆ ಬಂದುದರಿಂದಷ್ಟೇ ಇಷ್ಟಾದರೂ ನಡೆಸಿದ್ದೇವೆ ಎಂದು ಪಾದ್ರಿ ಗೊಣಗುತ್ತಾನೆ. ಅಷ್ಟರಲ್ಲಿ ಅಣ್ಣನೂ ಪ್ರಿಯಕರನೂ ಅದೇ ಗುಂಡಿಯ ಬಳಿ, ಅವಳನ್ನು ಯಾರು ಹೆಚ್ಚು ಪ್ರೀತಿಸಿದವರು ಎಂದು ಕೈಕೈ ಮಿಲಾಯಿಸುತ್ತಾರೆ.

ಚಿತ್ರಕಲೆಗೆ ಬೇಕಾದುದು ಇದ್ಯಾವುದೂ ಅಲ್ಲ, ಕೇವಲ ತೇಲುವ ಸುಂದರಿ. ಹೈಸರ್‌ಗಿಂತ ಅರ್ಧ ಶತಮಾನ ಮೊದಲು, 1851–52ರಲ್ಲಿ, ಇಂಗ್ಲೆಂಡಿನ ಜಾನ್ ಎವರೆಟ್ ಮಿಲ್ಲೆ ಬರೆದ ಒಫೀಲಿಯಾ ಚಿತ್ರ ಎಲ್ಲಕ್ಕಿಂತ ಪ್ರಸಿದ್ಧ. ಅದಕ್ಕಾಗಿ ಎಲಿಜಬೆತ್ ಸಿಡ್ಡಲ್ ಎಂಬ ತರುಣಿ ಉಡುಪು ಸಮೇತ ಸ್ನಾನದ ತೊಟ್ಟಿಯಲ್ಲಿ ಗಂಟೆಗಟ್ಟಲೆ ಮಲಗಬೇಕಾಯಿತು. ತೊಟ್ಟಿಯ ಅಡಿಯಲ್ಲಿ ನೀರು ಬೆಚ್ಚಗಿಡಲು ಇರಿಸಿದ್ದ ದೀಪಗಳು ಆರಿಹೋದವು. ಚಿತ್ರಕಾರ ಗಮನಿಸಲಿಲ್ಲ, ಆಕೆಯೂ ಬಾಯಿ ಬಿಡಲಿಲ್ಲ. ಕಾಯಿಲೆ ಬಿದ್ದ ಮಗಳ ಪರವಾಗಿ ತಂದೆ 50 ಪೌಂಡ್ ಪರಿಹಾರ ಕೇಳಿದ. ಸಿಡ್ಡಲ್ ಸ್ವತಃ ಚಿತ್ರಕಾರ್ತಿ, ಕವಯಿತ್ರಿ. ಆದರೂ ಲೋಕ ಆಕೆಯನ್ನು ಗುರುತಿಸುವುದು ಆ ತೊಟ್ಟಿಯಿಂದಲೇ. 1862ರಲ್ಲಿ ಆಕೆ ಅಫೀಮು ಬೆರೆತ ಔಷಧಿಯಿಂದ ಸತ್ತಾಗ ವಿಚಾರಣೆ ನಡೆದು ‘ಆಕಸ್ಮಿಕ’ ಎಂದು ದಾಖಲಾಯಿತು. ಗಂಡ ರೊಸೆಟ್ಟಿ ದುಃಖದಲ್ಲಿ ತನ್ನ ಕವಿತೆಗಳ ಹಸ್ತಪ್ರತಿಯನ್ನು ಆಕೆಯ ಶವಪೆಟ್ಟಿಗೆಯಲ್ಲಿಟ್ಟ. ಏಳು ವರ್ಷದ ಬಳಿಕ ಗೋರಿ ತೆಗೆಸಿ ಅವನ್ನು ಹಿಂಪಡೆದ. ಒಫೀಲಿಯಾಳ ಗೋರಿಯ ಬಳಿ ಗಂಡಸರು ತಮ್ಮ ಪ್ರೀತಿಯ ಲೆಕ್ಕ ಒಪ್ಪಿಸಿದ ದೃಶ್ಯವನ್ನು ಇದಕ್ಕಿಂತ ಕಟುವಾಗಿ ಯಾವ ಮರುಕಥನವೂ ಬರೆಯಲಾರದು.

ಬದುಕಿಸಿದರೆ ಸಾಕೇ?

ಲೀಸಾ ಕ್ಲೈನ್ ಅವರ 2006ರ ಕಾದಂಬರಿ ಮತ್ತು ಅದನ್ನು ಆಧರಿಸಿ 2018ರಲ್ಲಿ ತೆರೆಕಂಡ ‘ಒಫೀಲಿಯಾ’ ಚಲನಚಿತ್ರ ಕಥೆಯನ್ನು ಅವಳ ಬಾಯಿಂದಲೇ ಹೇಳಿಸುತ್ತವೆ. ಇಲ್ಲಿ ಅವಳು ಸಾಯುವುದಿಲ್ಲ. ಸತ್ತಂತೆ ನಟಿಸಿ, ಎಲ್ಸಿನೋರ್ ಅರಮನೆಯಿಂದ ಪಾರಾಗಿ, ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿ, ಮಗುವಿನೊಡನೆ ಬದುಕುತ್ತಾಳೆ. ನೋಡುಗರಿಗೆ ಸಮಾಧಾನವಾಗುವುದು ನಿಜ. ಆದರೆ ಅವಳು ಜಾಣೆಯಾದ ಕ್ಷಣವೇ ಅವಳ ಸಾವಿಗೆ ಕಾರಣರಾದವರೆಲ್ಲ ನಿರಪರಾಧಿಗಳಾಗುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಸಾವೇ ನಡೆಯದ ಮೇಲೆ ಕಾವಲುಗಾರನನ್ನು ಕೇಳಬೇಕಾದುದೇನಿದೆ? ಟೇಲರ್ ಸ್ವಿಫ್ಟ್‌ರ ಹಾಡಿನಲ್ಲಿ ಕಾಪಾಡುವವನು ಪ್ರಿಯಕರ. ಚಲನಚಿತ್ರದಲ್ಲಿ ಕಾಪಾಡುವುದು ಆಕೆಯದೇ ಬುದ್ಧಿ. ಎರಡರಲ್ಲಿಯೂ ಅರಮನೆ ಸುರಕ್ಷಿತ. ಜಾಣೆಯಾಗಿದ್ದರೆ ಉಳಿಯುತ್ತಿದ್ದಳು ಎಂಬ ಮಾತು ಎಷ್ಟೋ ಹೆಣ್ಣುಗಳ ಸಾವಿನ ಮನೆಯಲ್ಲಿ ಕೇಳಿಬರುವ ಮಾತೇ ಅಲ್ಲವೇ?

ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿದವರು ಬ್ರಿಟನ್ನಿನ ಪಾಲ್ ಗ್ರಿಫಿತ್ಸ್. 2008ರ ಅವರ ಪುಟ್ಟ ಕಾದಂಬರಿಯಲ್ಲಿ ಒಫೀಲಿಯಾ ತನ್ನ ಕಥೆ ಹೇಳಿಕೊಳ್ಳುತ್ತಾಳೆ. ಆದರೆ ಷೇಕ್ಸ್‌ಪಿಯರ್ ಅವಳಿಗೆ ಕೊಟ್ಟ ಪದಗಳನ್ನಷ್ಟೇ ಬಳಸಿ. ಐನೂರಕ್ಕೂ ಕಡಿಮೆ ಪದಗಳ ಆ ಬಡತನದಲ್ಲಿ ಅವಳು ಒಂದೇ ಪದವನ್ನು ತಿರುಗಿಸಿ ಮುರುಗಿಸಿ ಬೇಕಾದ ಅರ್ಥ ಹುಡುಕಬೇಕಾಗುತ್ತದೆ. ಇಲ್ಲಿ ರಕ್ಷಣೆಯ ಆಮಿಷವಿಲ್ಲ. ಮಾತು ಎಷ್ಟು ಕಡಿಮೆ ದೊರೆತಿತ್ತು ಎಂಬುದು ಮಾತ್ರ ಪುಟಪುಟದಲ್ಲಿಯೂ ಅನುಭವಕ್ಕೆ ಬರುತ್ತದೆ.

ಈ ಚರ್ಚೆ ಕನ್ನಡಕ್ಕೆ ಹೊಸದಲ್ಲ. 1932ರಲ್ಲಿಯೇ ಕುವೆಂಪು ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ನಾಟಕ ರಚಿಸಿದರು. ಇಂದಿನ ಮರುಕಥನಕಾರರು ಗಮನಿಸಬೇಕಾದುದು ಶೀರ್ಷಿಕೆಯನ್ನು. ಅದು ರಾಜಕುಮಾರನ ಹೆಸರಲ್ಲ. ಒಫೀಲಿಯಾಳ ಸ್ಥಾನದಲ್ಲಿರುವ ರುದ್ರಾಂಬೆಯ ಕೆಂಡಗಣ್ಣುಗಳ ಹೆಸರು. ಇಲ್ಲಿ ಅವಳ ಹುಚ್ಚು ಹೊಳೆಯ ಪಾಲಾಗುವುದಿಲ್ಲ, ಕೋಪವಾಗುತ್ತದೆ. ಸೇಡಿನ ಭಾರವನ್ನು ಅವಳೇ ಹೊರುತ್ತಾಳೆ. ಮೂಲದಲ್ಲಿ ಹ್ಯಾಮ್ಲೆಟ್ ಐದು ಅಂಕಗಳ ಕಾಲ ಮುಂದೂಡಿದ ಕಾರ್ಯ ಹೆಣ್ಣಿನ ಕೈಗೆ ಬರುವುದು, ಅದೂ ಸ್ತ್ರೀವಾದಿ ವಿಮರ್ಶೆ ಎಂಬ ಮಾತೇ ಇಲ್ಲಿ ಚಾಲ್ತಿಗೆ ಬಾರದ ಕಾಲದಲ್ಲಿ, ಸಣ್ಣ ಸಂಗತಿಯಲ್ಲ. ಒಂದು ಆಕ್ಷೇಪವಂತೂ ಉಳಿಯುತ್ತದೆ. ಬಿದನೂರಿನ ರಾಣಿಯರ ಸುತ್ತ ಹೆಣೆದುಕೊಂಡಿದ್ದ ಅಪವಾದದ ಕಥೆಗಳು ನಾಟಕದ ರಾಣಿಯ ಮೇಲೆ ತಮ್ಮ ನೆರಳನ್ನು ಚಾಚಿಯೇ ಇವೆ. ಒಬ್ಬಳಿಗೆ ಕಣ್ಣು ಕೊಟ್ಟ ನಾಟಕ ಇನ್ನೊಬ್ಬಳ ಪರವಾಗಿ ವಾದಿಸಲಿಲ್ಲ.

ಗಿರೀಶ ಕಾರ್ನಾಡರ ‘ಯಯಾತಿ’ (1961) ಮತ್ತೂ ಒಂದು ಹೆಜ್ಜೆ ಮುಂದಿಡುತ್ತದೆ. ಮಹಾಭಾರತದ ಕಥೆಯಲ್ಲಿ ತಂದೆಯ ಮುಪ್ಪನ್ನು ಮಗ ಪೂರು ಹೊರುತ್ತಾನೆ. ಆ ತ್ಯಾಗ ಮಗನ ಹೆಂಡತಿಗೆ ಏನು ಮಾಡಿತೆಂಬುದು ಅಲ್ಲಿ ವಿಷಯವೇ ಅಲ್ಲ. ಕಾರ್ನಾಡರು ಆ ಖಾಲಿ ಜಾಗದಲ್ಲಿ ಚಿತ್ರಲೇಖೆಯನ್ನು ನಿಲ್ಲಿಸಿದರು. ರಾತ್ರಿಯೊಂದರಲ್ಲಿ ಗಂಡ ಮುದುಕನಾಗಿದ್ದಾನೆ, ಮಾವ ತರುಣನಾಗಿದ್ದಾನೆ, ಸೊಸೆ ಧರ್ಮಪಾಲನೆ ಮಾಡಬೇಕೆಂಬ ಉಪದೇಶ ಬೇರೆ. ಮಗನ ಯೌವನವನ್ನು ತೆಗೆದುಕೊಂಡವರು ಅವನ ಹೊಣೆಯನ್ನೂ ತೆಗೆದುಕೊಳ್ಳಲಿ ಎಂದು ಅವಳು ಕೇಳಿದಾಗ ಯಯಾತಿಯ ಬಳಿ ಉತ್ತರವಿಲ್ಲ. ಅವಳೂ ಸಾಯುತ್ತಾಳೆ. ಆದರೆ ಅದಕ್ಕೆ ಮುನ್ನ ಹೇಳಬೇಕಾದುದನ್ನು ಸಂಬಂಧಪಟ್ಟವನ ಮುಖಕ್ಕೇ ಹೇಳಿ ಮುಗಿಸಿರುತ್ತಾಳೆ. ಹೊಳೆ, ಹೂವು, ಹಾಡು ಯಾವುದೂ ಇಲ್ಲ. ಯಯಾತಿ ಮುಪ್ಪನ್ನು ಮರಳಿ ಪಡೆಯುವುದು ಆ ಶವದ ಎದುರಿನಲ್ಲಿ.

ಎರಡು ಸಾಲಿನ ಸುದ್ದಿ

ಈ ವಿಷಯ ಕೇವಲ ಸಾಹಿತ್ಯದ್ದಾಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ ಗರ್ಟ್ರೂಡಳ ವರದಿ ಅಪರಿಚಿತವಲ್ಲ. ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಮಾನಸಿಕವಾಗಿ ಅಸ್ವಸ್ಥಳಾಗಿದ್ದ’, ‘ಆಕಸ್ಮಿಕವಾಗಿ ಕಾಲು ಜಾರಿ’ ಎಂಬ ಮೂರು ಸಿದ್ಧ ನುಡಿಗಟ್ಟುಗಳಲ್ಲಿ ಕೆರೆ ಬಾವಿಗಳ ಎಷ್ಟೋ ಸಾವುಗಳು ಮುಗಿದುಹೋಗಿವೆ. ಮೊದಲ ಹೇಳಿಕೆ ಕೊಡುವವರು ಸಾಮಾನ್ಯವಾಗಿ ಮನೆಯವರೇ. ಠಾಣೆಯಿಂದ ಸುದ್ದಿಮನೆಗೆ ಬರುವುದೂ ಅದೇ. ಜಿಗುಪ್ಸೆ ಯಾರಿಂದ ಬಂತು, ಅಸ್ವಸ್ಥಳೆಂದು ಹೇಳಿದವರು ಯಾರು, ದಡದಲ್ಲಿ ಯಾರಿದ್ದರು ಎಂಬುದಕ್ಕೆ ಎರಡು ಸಾಲಿನಲ್ಲಿ ಜಾಗವಿಲ್ಲ.

ಕಾನೂನು ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ತಡವಾಗಿಯಾದರೂ ಕಿವಿಗೊಟ್ಟಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ವಿಶೇಷ ವಿಚಾರಣೆ ನಡೆಯಬೇಕೆಂದು 1983ರ ತಿದ್ದುಪಡಿ ಹೇಳಿತು. 1984ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೃತ ಗೃಹಿಣಿ ಸಾಯುವ ಮುನ್ನ ತನ್ನ ಅಕ್ಕನಿಗೂ ಗೆಳತಿಗೂ ಬರೆದಿದ್ದ ಕಾಗದಗಳನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಒಪ್ಪಿತು. ಆ ಪ್ರಕರಣದಲ್ಲಿ ಆರೋಪಿ ಅಂತಿಮವಾಗಿ ಖುಲಾಸೆಯಾದುದು ಬೇರೆ ಮಾತು. ಸಾವಿನ ಗಳಿಗೆಯಲ್ಲಿ ಆಡಿದ್ದಷ್ಟೇ ಮರಣಕಾಲದ ಹೇಳಿಕೆಯಲ್ಲ, ಸಾವಿಗೆ ದಾರಿಯಾದ ಸನ್ನಿವೇಶಗಳ ಬಗ್ಗೆ ಅವಳು ಮೊದಲೇ ಹೇಳಿಕೊಂಡದ್ದಕ್ಕೂ ಬೆಲೆಯಿದೆ ಎಂಬ ತತ್ತ್ವ ಅಲ್ಲಿ ಗಟ್ಟಿಯಾಯಿತು. ಆ ಅಳತೆಯಲ್ಲಿ ನೋಡಿದರೆ ಎಲ್ಸಿನೋರ್ ಆಸ್ಥಾನದಲ್ಲಿ ಹಂಚಿದ ಹೂಗಳು, ಹಾಡಿದ ಹಾಡುಗಳು ಎಲ್ಲವೂ ದಾಖಲಾಗಬೇಕಾದ ಹೇಳಿಕೆಗಳು. ಏಳು ವರ್ಷದ ನಿಯಮ ಮಾತ್ರ ಒಫೀಲಿಯಾಳಿಗೆ ಒದಗದು; ಅವಳು ಅವಿವಾಹಿತೆ. ತವರಿನಲ್ಲಿ, ತಂದೆ ಅಣ್ಣಂದಿರ ಆಜ್ಞೆಯ ಅಡಿಯಲ್ಲಿ ಸತ್ತ ಹೆಣ್ಣಿನ ಬಗ್ಗೆ ಅಂಥ ವಿಶೇಷ ನಿಯಮ ಇಲ್ಲ.

ಮುಂದೆಯೂ ಒಫೀಲಿಯಾ ಮತ್ತೆ ಮತ್ತೆ ಬರೆಯಲ್ಪಡುತ್ತಾಳೆ, ರಂಗಕ್ಕೆ ಬರುತ್ತಾಳೆ. ಕನ್ನಡ ರಂಗಭೂಮಿಗೂ ಆ ಕೆಲಸ ಹೊಸದಲ್ಲ. ಅಂಥ ಪ್ರಯೋಗವೊಂದು ಎಲ್ಲಿಂದ ಆರಂಭವಾಗಬಹುದು ಎಂಬುದಕ್ಕೆ ನಾಟಕದಲ್ಲಿಯೇ ಒಂದು ಸುಳಿವಿದೆ. ಅವಳ ಕಾವಲಿಗೆಂದು ರಾಜ ಕಳುಹಿಸಿದ್ದು ಹ್ಯಾಮ್ಲೆಟ್‌ನ ಪರಮಮಿತ್ರ ಹೊರೇಷಿಯೋನನ್ನು. ದುರಂತವೆಲ್ಲ ಮುಗಿದ ಮೇಲೂ ಬದುಕುಳಿದು, ನಡೆದುದನ್ನೆಲ್ಲ ಲೋಕಕ್ಕೆ ತಿಳಿಸುವ ಹೊಣೆ ಹೊತ್ತವನೂ ಅವನೇ. ಹ್ಯಾಮ್ಲೆಟ್‌ನ ಶವದ ಎದುರು ಅವನು ತಾನು ಹೇಳಲಿರುವ ಸಂಗತಿಗಳ ಪಟ್ಟಿ ಕೊಡುತ್ತಾನೆ: ಹಿಂಸಾಕೃತ್ಯಗಳು, ಆಕಸ್ಮಿಕ ತೀರ್ಪುಗಳು, ಸಂಚಿನಿಂದ ಬಂದ ಸಾವುಗಳು. ಆ ಪಟ್ಟಿಯಲ್ಲಿ ಒಫೀಲಿಯಾಳ ಹೆಸರಿಲ್ಲ.